ಮರ ಹತ್ತುವ ಓದು

ಬೆಳಕು ಸರಿಯಿತು, ಈಗಷ್ಟೇ ಸರಿಹೋಯಿತು ಅನ್ನಿಸಿದ್ದ ಹಲ್ಲು ನೋಡನೋಡುತ್ತಲೇ ಹಳದಿಗೆ ತಿರುಗಿತು, ಕಿಟಕಿಯಾಚೆ ಮೋಡವೋ ದೊಡ್ಡ ಲಾರಿಯೋ ಅಡ್ಡ ಬಂದಿರಬೇಕು, ಕುಂಚವನ್ನು ಹಾಗೇ ಹಿಡಿದು ಕಾಯಬೇಕು, ಮಬ್ಬಿನಲ್ಲಿ ಬಣ್ಣ ಕೂಡಿಸಿದರೆ ನಾಳೆ ದಂತವೈದ್ಯರು ಫೋನ್ ಮಾಡಿ ಇದನ್ನ ಬಾಯಿಗೆ ಮಾಡಿದ್ರೋ ಬಚ್ಚಲಿನ ಗೋಡೆಗೆ ಮಾಡಿದ್ರೋ ಅಂತ ಕೇಳುತ್ತಾರೆ — ಯಾರ ಬಾಯಿ ಅನ್ನುವುದು ನನಗೆ ಎಂದೂ ತಿಳಿಯುವುದಿಲ್ಲ, ಪ್ಲಾಸ್ಟರಿನ ಅಚ್ಚೊಂದು ಬರುತ್ತದೆ, ಬಿಳಿ ಹಲ್ಲುಗಳ ಸಾಲು, ನಡುವೆ ಒಂದು ಖಾಲಿ ಜಾಗ, ಆ ಜಾಗಕ್ಕೆಂದು ಪಿಂಗಾಣಿ ಪುಡಿಯನ್ನು ನೀರಲ್ಲಿ ಕಲಸಿ, ಕುಂಚದ ತುದಿಯಿಂದ ಪದರದ ಮೇಲೆ ಪದರ ಏರಿಸಿ, ಪುಟ್ಟ ಕುಲುಮೆಯಲ್ಲಿ ಸುಟ್ಟು ಹಲ್ಲು ಮಾಡಿಕೊಡುವುದು ನನ್ನ ಕೆಲಸ, ಮಗಳು ಹುಟ್ಟುವುದಕ್ಕೆ ಮೊದಲಿನಿಂದಲೂ ಇದೇ ಬೆಂಚು, ಇದೇ ಕಿಟಕಿ, ಇದೇ ಕಾಲು ಕುಂಟುವ ಸ್ಟೂಲು. ಅರ್ಧ ದಿನ ರಜೆ ಹಾಕಿ ಬೆಳಿಗ್ಗೆ ವಿಚಾರಣೆಗೆ ಹೋಗಿಬಂದೆ, ಬಂದವಳೇ ಏಪ್ರನ್ ಕಟ್ಟಿಕೊಂಡು ಕೂತೆ, ಪಕ್ಕದ ಬೆಂಚಿನಲ್ಲಿ ಹಲ್ಲುಗಳಿಗೆ ಹೊಳಪು ಕೊಡುವ ಪಾಲಿಶ್ ಅಕ್ಕ ಯಂತ್ರ ನಿಲ್ಲಿಸಿ, ಏನಾಯ್ತೇ ಅಂದಳು, ಆಯ್ತಕ್ಕ, ಮಗಳ ಓದು ಮುಗಿಯೋವರೆಗೂ ದುಡ್ಡು ಮುಂದುವರಿಯುತ್ತೆ ಅಂದೆ, ಸರ್ಕಾರದ್ದಾ ಅವಳಪ್ಪನದ್ದಾ ಅಂದಳು, ಎರಡೂ ಅಂದೆ, ಮತ್ತೆ ನಿನ್ನ ಮುಖ ಯಾಕೆ ಹೀಗೆ ಸುಟ್ಟ ಬದನೇಕಾಯಿ ಆಗಿದೆ ಅಂದಳು, ನಾನು ಪುಡಿ ಕಲಸತೊಡಗಿದೆ, ಅವಳು ಮತ್ತೆ ಯಂತ್ರ ಹಾಕಿಕೊಂಡಳು, ಗುಂಯ್ ಅನ್ನುವ ಆ ಸದ್ದಿನೊಳಗೆ ಏನು ಬೇಕಾದರೂ ಯೋಚಿಸಿಕೊಳ್ಳಬಹುದು, ಯಾರಿಗೂ ಕೇಳಿಸುವುದಿಲ್ಲ.

ಮುಖ ಹೇಗಿರಬೇಕಿತ್ತು, ಅರಳಬೇಕಿತ್ತು, ಗೆದ್ದು ಬಂದವಳಲ್ಲವೇ ನಾನು — ಮಗಳಿಗೆ ಹದಿನೆಂಟು ತುಂಬಿದ ಮೇಲೆ ಸರ್ಕಾರ ಮಕ್ಕಳ ಖರ್ಚಿಗೆಂದು ಕೊಡುವ ಭತ್ಯೆಯೂ ಅವಳಪ್ಪನ ಸಂಬಳದಿಂದ ಮುರಿದು ನಮಗೆ ಬರುತ್ತಿದ್ದ ಜೀವನಾಂಶವೂ ಒಟ್ಟಿಗೇ ನಿಲ್ಲಬೇಕಿತ್ತು, ಅವಳು ಇನ್ನೂ ಓದುತ್ತಿದ್ದರೆ ಮಾತ್ರ ನಿಲ್ಲುವುದಿಲ್ಲ, ಓದುತ್ತಿದ್ದಾಳೆ, ಆದರೆ ಅವಳು ಓದುತ್ತಿರುವುದು ಮರ ಹತ್ತುವುದನ್ನು. ಮೊದಲ ಸಲ ಹೇಳಿದಾಗ ನಾನೂ ನಕ್ಕಿದ್ದೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ, ಅಮ್ಮಾ ನಾನು ಮರದ ಆರೈಕೆ ಕಲೀತೀನಿ ಅಂದಳು, ಗಿಡಕ್ಕೆ ನೀರು ಹಾಕೋಕೆ ಕಾಲೇಜು ಬೇಕಾ ಅಂದೆ, ಗಿಡ ಅಲ್ಲ ಮರ, ಹಗ್ಗ ಕಟ್ಟಿಕೊಂಡು ಹತ್ತಿ, ಒಣಗಿದ ಕೊಂಬೆ ಕೊಯ್ದು, ರೋಗ ನೋಡಿ, ಬೀಳೋ ಮರ ಯಾವುದು ನಿಲ್ಲೋ ಮರ ಯಾವುದು ಅಂತ ಹೇಳೋದು, ಎಂದು ಒಂದೇ ಉಸಿರಿಗೆ ಹೇಳಿದಳು, ಎಷ್ಟೋ ದಿನದಿಂದ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿಕೊಂಡ ಹಾಗಿತ್ತು. ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದ ಹುಡುಗಿ, ಪ್ರತಿ ವರ್ಷ ಟೀಚರುಗಳು ಅದೇ ಮಾತು ಹೇಳುತ್ತಿದ್ದರು, ಬುದ್ಧಿ ಇದೆ ಗಮನ ಇಲ್ಲ, ಗಮನ ಇತ್ತು, ಕಿಟಕಿಯಾಚೆ ಇತ್ತು, ಅಲ್ಲಿ ಒಂದು ಮರ ಇತ್ತು, ಅಷ್ಟನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಕಾಲೇಜು ಸೇರಿದ ಮೇಲೆ ಅವಳ ಕೈ ಬದಲಾಯಿತು, ಜಡ್ಡುಗಟ್ಟಿದ ಅಂಗೈ, ಉಗುರಿನೊಳಗೆ ತೊಗಟೆಯ ಪುಡಿ, ಜಾಕೆಟ್ಟಿಗೆ ಹಸಿ ಸೌದೆಯ ವಾಸನೆ, ಊಟಕ್ಕೆ ಕೂತರೆ ಅಣಬೆಯ ಹೆಸರುಗಳನ್ನು ಹೇಳುತ್ತಾಳೆ, ತಿನ್ನುವ ಅಣಬೆಯಲ್ಲ, ಮರವನ್ನು ತಿನ್ನುವ ಅಣಬೆ, ಬೆಳಿಗ್ಗೆ ನಾನು ಎಬ್ಬಿಸುವ ಮೊದಲೇ ಎದ್ದಿರುತ್ತಾಳೆ, ಎಬ್ಬಿಸಿ ಎಬ್ಬಿಸಿ ನನ್ನ ಗಂಟಲು ಹರಿದುಹೋಗುತ್ತಿದ್ದ ಮನೆಯಲ್ಲಿ ಈಗ ಅವಳೇ ಟೀ ಇಟ್ಟು ನನ್ನನ್ನು ಎಬ್ಬಿಸುತ್ತಾಳೆ, ಇದಕ್ಕಿಂತ ದೊಡ್ಡ ಓದು ಯಾವುದು ಎಂದು ಯಾರನ್ನಾದರೂ ಕೇಳಬೇಕು ಅನ್ನಿಸುತ್ತಿತ್ತು, ಕೇಳುವುದಕ್ಕೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಭತ್ಯೆ ಕಚೇರಿಯಿಂದ ಕರೆ, ಮಗುವಿನ ತಂದೆ ತಕರಾರು ಅರ್ಜಿ ಹಾಕಿದ್ದಾರೆ, ಈ ಕೋರ್ಸು ಓದಲ್ಲ ಕೆಲಸ ಅನ್ನುತ್ತಾರೆ, ನೀವೂ ಮಗಳೂ ವಿಚಾರಣೆಗೆ ಬರಬೇಕು, ತೀರ್ಮಾನ ಆಗೋವರೆಗೂ ಭತ್ಯೆ, ಜೀವನಾಂಶ ಎರಡನ್ನೂ ತಡೆಹಿಡಿದಿರ್ತೀವಿ — ನಾನು ಫೋನು ಹಿಡಿದುಕೊಂಡು ಇದೇ ಕಿಟಕಿಯ ಹತ್ತಿರ ನಿಂತಿದ್ದೆ, ಅವನಾ, ಇಷ್ಟು ವರ್ಷ ಒಂದು ತಿಂಗಳೂ ದುಡ್ಡು ತಪ್ಪಿಸದವನು, ಆ ಒಂದು ಮಾತನ್ನು ಅವನ ಬಗ್ಗೆ ಯಾರ ಮುಂದೆಯೂ ಹೇಳಿಕೊಳ್ಳಬಹುದಿತ್ತು, ಈಗ ಅದೂ ಹೋಯಿತು. ಅವನೇನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಹೇಳುವುದಕ್ಕೆ ಒಂದು ಕಥೆಯಾದರೂ ಇರುತ್ತಿತ್ತು, ನಾವಿಬ್ಬರೂ ಒಂದೇ ಮನೆಯಲ್ಲಿ ಮಾತು ಮುಗಿದು ಕೂತವರು, ಅವನು ಹೋದ, ಮೊದಲು ಪ್ರತಿ ಭಾನುವಾರ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಿದ್ದ, ಆಮೇಲೆ ಪಾಳಿ ಬದಲಾಯಿತು ಎಂದ, ಬಸ್ ಓಡಿಸುವವನಿಗೆ ಭಾನುವಾರವೂ ಒಂದೇ ಬುಧವಾರವೂ ಒಂದೇ, ಆಮೇಲೆ ಹುಟ್ಟುಹಬ್ಬಕ್ಕೆ ಮಾತ್ರ, ಆಮೇಲೆ ಹುಟ್ಟುಹಬ್ಬಕ್ಕೆ ಫೋನು ಮಾತ್ರ, ನೀರು ಇಂಗಿದ ಹಾಗೆ ಹೋದ, ಯಾವ ದಿನ ಪೂರ್ತಿ ಹೋದ ಎಂದು ಕೇಳಿದರೆ ಹೇಳಲಾರೆ. ಮಗಳು ಕೇಳುವುದನ್ನೂ ಬಿಟ್ಟಳು. ಅವನು ಓಡಿಸುವ ಬಸ್ಸು ನಮ್ಮ ಬೀದಿಗೆ ಬರುವುದಿಲ್ಲ, ಒಮ್ಮೆ ಮಾತ್ರ ದೊಡ್ಡ ವೃತ್ತದಲ್ಲಿ ಕೆಂಪು ದೀಪಕ್ಕೆ ನಿಂತಿದ್ದ ಬಸ್ಸಿನಲ್ಲಿ ಅವನನ್ನು ಕಂಡೆ, ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಎದುರಿಗೆ ನೋಡುತ್ತಿದ್ದ, ಕೂದಲು ಹಿಂದೆ ಸರಿದಿತ್ತು, ಮಗಳೂ ನನ್ನ ಜೊತೆಗಿದ್ದಳು, ಅವಳು ಅವನನ್ನು ನೋಡಿದಳೋ ಇಲ್ಲವೋ, ಹಸಿರು ದೀಪ ಬಂತು.

ಫೋನು ಬಂದ ದಿನದಿಂದ ಮನೆಯಲ್ಲಿ ಗಲಾಟೆ ಏನೂ ಆಗಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ, ಮಗಳು ಸುಮ್ಮನೆ ಕೇಳಿಸಿಕೊಂಡು ತಟ್ಟೆ ತೊಳೆದಿಟ್ಟಳು, ಮಾರನೆಯ ದಿನ ಊರಾಚೆಯ ಗೋದಾಮಿಗೆ ಹೋಗಿ ಪಾರ್ಸಲ್ ಎತ್ತಿಡುವ ಕೆಲಸ ಇದೆಯಾ ಎಂದು ವಿಚಾರಿಸಿ ಬಂದಿದ್ದಾಳೆ, ನನಗೆ ಹೇಳಿದ್ದು ಆಮೇಲೆ, ನಿನ್ನೊಬ್ಬಳ ದುಡಿಮೆಯಲ್ಲಿ ಆಗಲ್ಲಮ್ಮ, ಹಗ್ಗದ ಸರಂಜಾಮು ನಾವೇ ತಗೋಬೇಕು, ಮೇಷ್ಟ್ರನ್ನ ಕೇಳಿದ್ದೀನಿ, ಬಿಟ್ಟು ಹೋಗೋದಾದ್ರೆ ಈಗಲೇ ಹೇಳು ಸೀಟಿಗೆ ಬೇರೆಯವರು ಕಾಯ್ತಿದ್ದಾರೆ ಅಂದ್ರು, ಅಂದಳು. ನಾನು ಸಿಟ್ಟು ಮಾಡಿದೆ, ಇನ್ನೂ ಏನೂ ಆಗಿಲ್ಲವಲ್ಲ, ಯಾಕೆ ಹೆಣ ಬೀಳೋ ಮುಂಚೆ ಅಳ್ತೀಯಾ ಎಂದೆ, ಅಳ್ತಿಲ್ಲಮ್ಮ ಲೆಕ್ಕ ಹಾಕ್ತಿದ್ದೀನಿ ಅಂದಳು, ನಿಜವಾಗಿಯೂ ಅಳುತ್ತಿರಲಿಲ್ಲ, ಮರ ಹತ್ತುವ ಅವಳ ಸಾಮಾನಿನ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು, ಅದನ್ನು ಮುಟ್ಟದೆ ಬಾಗಿಲು ಹಾಕುವುದನ್ನು ಕಲಿತಿದ್ದಳು — ಈ ದಿನಗಳನ್ನು ಅವನಿಗೆ ಹೇಗೆ ತೋರಿಸುವುದು, ತೋರಿಸಬೇಕು ಎಂದುಕೊಂಡೇ ಇವತ್ತು ಬೆಳಿಗ್ಗೆ ಹೊರಟದ್ದು, ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಅವನಿಗೆ ಬೈದುಕೊಂಡು ಹೋದೆ, ಎಂಥ ಬೈಗುಳ, ಒಂದಕ್ಕಿಂತ ಒಂದು, ಯಾವುದೂ ವ್ಯರ್ಥವಾಗಬಾರದಿತ್ತು.

ಕೋಣೆ ಚಿಕ್ಕದು, ಮೇಜಿನ ಮೇಲೆ ನೀರಿನ ಜಗ್ಗು, ಒಂದೇ ಲೋಟ, ಅಧಿಕಾರಿ ನನ್ನ ವಯಸ್ಸಿನ ಹೆಂಗಸು, ಕೆಟ್ಟ ನೆಗಡಿ, ಕರವಸ್ತ್ರವನ್ನು ಅಂಗಿಯ ತೋಳಿನೊಳಗೆ ತುರುಕಿಕೊಂಡಿದ್ದಳು, ಅವನು ಆಗಲೇ ಬಂದು ಕೂತಿದ್ದ, ಇಸ್ತ್ರಿ ಶರ್ಟು, ಯಾವುದೋ ಕಾಲದ ಕಪ್ಪು ಬೂಟು, ಮದುವೆಗೆ ಹೊರಟವನ ಹಾಗೆ, ನಾವು ಒಳಗೆ ಬಂದಾಗ ಎದ್ದುನಿಂತ, ಯಾರಿಗೆ ಎದ್ದ, ನನಗೋ ಅವಳಿಗೋ, ಅವಳನ್ನು ತಲೆ ಎತ್ತಿ ನೋಡಿದ, ಅವನಿಗಿಂತ ಎತ್ತರವಾಗಿದ್ದಾಳೆ ಮಗಳು, ಅದು ಅವನಿಗೆ ಗೊತ್ತಿರಲಿಲ್ಲ, ಪುಟಾಣಿ ಎಂದ. ಅಧಿಕಾರಿ ಕಾಗದದ ಮೇಲೆ ಕಣ್ಣಾಡಿಸಿ, ಪುಟಾಣಿ ಯಾರು, ಇಲ್ಲಿ ಆ ಹೆಸರಿಲ್ಲವಲ್ಲ ಎಂದು ಕೇಳಿದಳು, ಮಗಳು ಕುರ್ಚಿ ಎಳೆದುಕೊಂಡು ಕೂತಳು. ನಾನು ಮಾತಾಡಬೇಕು ಎಂದುಕೊಂಡಿದ್ದೆ, ಅಧಿಕಾರಿ ಕೈ ತೋರಿಸಿ ತಡೆದಳು, ಅವಳಿಗೆ ಹದಿನೆಂಟು ಆಗಿದೆ, ಅವಳೇ ಹೇಳಲಿ, ಏನಮ್ಮಾ, ನೀನು ಮರದ ಮೇಲೆ ಇರೋ ಹೊತ್ತು ಪಾಠವೋ ಕೆಲಸವೋ, ಕೆಲಸವಾದ್ರೆ ಭತ್ಯೆ ಬರಲ್ಲ. ಕೂಲಿ ಕೊಡಲ್ಲ ಮೇಡಂ, ಬೈಗುಳ ಕೊಡ್ತಾರೆ, ಹಾಗಾದ್ರೆ ಪಾಠನೇ ಇರಬೇಕು, ಎಂದಳು ಮಗಳು. ಅಧಿಕಾರಿ ನಗು ತಡೆಯಲು ಹೋಗಿ ಸೀನಿದಳು. ಏನು ಕಲಿಸ್ತಾರೆ ಹೇಳು ಎಂದಳು, ಮಗಳು ಹೇಳತೊಡಗಿದಳು, ಗಂಟುಗಳು, ಗರಗಸದ ಹಲ್ಲು ಹರಿತ ಮಾಡುವುದು, ಬೇರಿನ ರೋಗ, ಗಾಳಿಯ ಭಾರ, ಆಮೇಲೆ ಗಾಯ, ಮನುಷ್ಯರ ಥರ ಮರದ ಗಾಯ ವಾಸಿ ಆಗಲ್ಲ ಮೇಡಂ, ಅದು ಗಾಯವನ್ನ ಒಳಗೇ ಇಟ್ಕೊಂಡು ಸುತ್ತ ಬೆಳೆಯುತ್ತೆ, ಮರಕ್ಕೆ ಮುಚ್ಚಿಕೊಳ್ಳೋಕೆ ಎಲ್ಲಿ ಸಾಧ್ಯವೋ ಅಲ್ಲೇ ನಾವು ಕೊಂಬೆ ಕೊಯ್ಯಬೇಕು, ಒಂದು ಬೆರಳಷ್ಟು ಆಚೆ ಈಚೆ ಆದ್ರೂ ಕೊಳೆಯುತ್ತೆ — ನಾನು ಕೇಳುತ್ತಲೇ ಇದ್ದೆ, ಮನೆಯಲ್ಲಿ ನನಗೆ ಇಷ್ಟು ಉದ್ದಕ್ಕೆ ಹೇಳಿರಲಿಲ್ಲ, ನಾನು ಕೇಳಿರಲಿಲ್ಲವೋ, ಅವನನ್ನು ನೋಡಿದೆ, ಅವನು ಮೇಜಿನ ಅಂಚಿಗೆ ಬಗ್ಗಿ ಅವಳ ಬಾಯನ್ನೇ ನೋಡುತ್ತಿದ್ದ, ರೇಡಿಯೋಗೆ ಕಿವಿ ಹಚ್ಚಿದವನ ಹಾಗೆ.

ಅವನ ಸರದಿ ಬಂತು, ನಿಮ್ಮ ತಕರಾರು ಏನು ಹೇಳಿ ಎಂದಳು ಅಧಿಕಾರಿ. ಅವನು ಗಂಟಲು ಸರಿಮಾಡಿಕೊಂಡು ಮಗಳ ಕಡೆ ತಿರುಗಿದ, ಕೆಳಗೆ ಹಗ್ಗ ಹಿಡ್ಕೊಳ್ಳೋರು ಯಾರು ಎಂದು ಕೇಳಿದ. ಜೊತೆಯವಳು ಇರ್ತಾಳೆ ಎಂದಳು. ಅವಳು ಗಟ್ಟಿ ಇದ್ದಾಳಾ. ಇದ್ದಾಳೆ. ಭಯ ಆಗಲ್ವಾ. ಹತ್ತುವಾಗ ಆಗಲ್ಲ, ಇಳಿಯೋಕೆ ಮುಂಚೆ ಒಂದು ಸಲ ಆಗುತ್ತೆ, ನಿಮಗೆ ಬಸ್ ಓಡಿಸುವಾಗ ಆಗಲ್ವಾ, ಎಂದಳು — ನೀವು, ನಿಮಗೆ, ಚಿಕ್ಕವಳಿದ್ದಾಗ ಅವನನ್ನು ನೀನು ಎಂದು ಏಕವಚನದಲ್ಲೇ ಕರೆಯುತ್ತಿದ್ದವಳು, ಭುಜದ ಮೇಲೆ ಕೂತು ಅವನ ಕಿವಿ ಹಿಡಿದು ಆ ಕಡೆ ಹೋಗು ಈ ಕಡೆ ಹೋಗು ಎನ್ನುತ್ತಿದ್ದವಳು, ಈಗ ಬ್ಯಾಂಕಿನವನನ್ನು ಮಾತಾಡಿಸುವ ಹಾಗೆ ನಿಮಗೆ ಎಂದಳು, ಅವನ ಮುಖದ ಮೇಲೆ ಅದು ಬಿದ್ದದ್ದು ನನಗೆ ಕಂಡಿತು, ಯಾಕೋ ನನಗೆ ಖುಷಿಯಾಗಲಿಲ್ಲ. ಅಧಿಕಾರಿ, ಇದೆಲ್ಲ ಅರ್ಜಿಗೆ ಸಂಬಂಧ ಇಲ್ಲ, ತಕರಾರು ಹೇಳಿ ಎಂದು ಮತ್ತೆ ಕೇಳಿದಳು. ನನ್ನ ತಕರಾರು ಏನೂ ಇಲ್ಲ ಎಂದ. ಏನೂ ಇಲ್ಲ ಅಂದ್ರೆ. ಅವಳು ಓದಲಿ, ಎಲ್ಲಿವರೆಗೆ ಓದ್ತಾಳೋ ಅಲ್ಲಿವರೆಗೆ ನನ್ನ ಸಂಬಳದಲ್ಲಿ ಮುರ್ಕೊಳ್ಳಿ. ಮತ್ತೆ ಅರ್ಜಿ ಯಾಕೆ ಹಾಕಿದ್ರಿ ಸ್ವಾಮಿ. ಅವನು ಕೈಗಳನ್ನು ಮೇಜಿನ ಮೇಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ, ಹಾಕದೇ ಇದ್ದಿದ್ರೆ ಇವಳನ್ನ ಕರೀತಿರಲಿಲ್ಲವಲ್ಲ ಮೇಡಂ, ಎಂದ. ಆಚೆ ಯಾರೋ ಕುರ್ಚಿ ಎಳೆದರು, ಅಧಿಕಾರಿ ಕರವಸ್ತ್ರ ತೆಗೆದು ಮೂಗು ಒರೆಸಿ, ಮಡಿಸಿ, ಮತ್ತೆ ತೋಳಿಗೆ ತುರುಕಿ, ಮುಂದುವರಿಸಲು ಅಡ್ಡಿಯಿಲ್ಲ ಎಂದು ಬರೆದುಕೊಂಡಳು, ಬರೆಯುತ್ತ ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ನನ್ನ ಚೀಲದ ತುಂಬ ತಂದಿದ್ದ ಬೈಗುಳಗಳು ಹಾಗೇ ಉಳಿದವು, ಬಿಚ್ಚದ ಬುತ್ತಿಯ ಹಾಗೆ.

ಮೊಗಸಾಲೆಯಲ್ಲಿ ಒಂದನ್ನಾದರೂ ಬಿಚ್ಚಿದೆ, ಒಂದು ಫೋನ್ ಮಾಡಬಹುದಿತ್ತು ನೀನು, ಎಂದೆ. ಅವನು ಗೋಡೆಗೆ ಒರಗಿ ನಿಂತಿದ್ದ, ಮಾಡಬಹುದಿತ್ತು, ನೀನು ಅವಳ ಕೈಗೆ ಕೊಡ್ತಿದ್ದೆ, ಅವಳು ಹೇಗಿದ್ದೀರಿ ಅಂತಿದ್ಲು, ನಾನು ಚೆನ್ನಾಗಿದ್ದೀನಿ ಅಂತಿದ್ದೆ, ಆಮೇಲೆ, ಎಂದ. ಆಮೇಲೆ ಏನು ಎಂದು ನನಗೂ ತಿಳಿಯಲಿಲ್ಲ, ಪ್ರತಿ ಹುಟ್ಟುಹಬ್ಬಕ್ಕೆ ಅದೇ ಆಗುತ್ತಿತ್ತಲ್ಲ, ಒಂದು ನಿಮಿಷದ ಮಾತು, ಆಮೇಲೆ ಫೋನ್ ಇಡ್ತೀನಿ. ಆಗ ಮಗಳು ಮಾತಾಡಿದಳು, ದನಿ ಏರಿಸಲಿಲ್ಲ, ನಿಮ್ಮ ಅರ್ಜಿಯಿಂದ ನನ್ನ ಸೀಟು ಹೋಗೋದರಲ್ಲಿತ್ತು, ಗೊತ್ತಾ, ಗೋದಾಮಿನಲ್ಲಿ ಕೆಲಸ ಕೇಳಿ ಬಂದಿದ್ದೆ, ಅಮ್ಮ ಎಷ್ಟೋ ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅದನ್ನು ಅವಳು ನೋಡಿದ್ದಳು, ನಾನು ತಟ್ಟೆಯಲ್ಲಿ ಕೈಯಾಡಿಸಿ ಏಳುತ್ತಿದ್ದದ್ದನ್ನು. ಅವನ ಬಾಯಿ ತೆರೆಯಿತು, ನಾನು ಅಷ್ಟು ಯೋಚನೆ ಮಾಡಲಿಲ್ಲ ಎಂದ, ಅದು ನಿಜವಿರಬೇಕು, ಬಸ್ಸನ್ನು ಅಷ್ಟು ಜೋಪಾನವಾಗಿ ಓಡಿಸುವವನು ಮನುಷ್ಯರ ವಿಷಯದಲ್ಲಿ ಯಾವಾಗಲೂ ಒಂದು ತಿರುವು ತಡವಾಗಿ ನೋಡುತ್ತಾನೆ, ತಪ್ಪಾಯ್ತು ಎಂದ, ಎಂದವನು ಮುಖ ಮುಚ್ಚಿಕೊಳ್ಳುವುದಕ್ಕೋ ಏನೋ ಬಗ್ಗಿ ಸಡಿಲವಾಗಿದ್ದ ಬೂಟಿನ ಲೇಸನ್ನು ಎಳೆದ, ಹಳೆಯ ಲೇಸು, ಚಟ್ಟನೆ ತುಂಡಾಗಿ ಕೈಗೆ ಬಂತು, ತುಂಡು ಹಿಡಿದುಕೊಂಡು ಬಗ್ಗಿದಲ್ಲೇ ನಿಂತ, ಏಳುವುದಕ್ಕೂ ಆಗದೆ ಕಟ್ಟುವುದಕ್ಕೂ ಆಗದೆ. ಮಗಳು ಅವನನ್ನು ನೋಡಿದಳು, ಜಾಕೆಟ್ಟಿನ ಜೇಬಿಗೆ ಕೈ ಹಾಕಿ ಒಂದು ಮಾರು ಸಣ್ಣ ಹಗ್ಗ ತೆಗೆದಳು, ದೂರದಿಂದಲೂ ಕೊಂಬೆಗಳ ನಡುವೆ ಕಾಣಲಿ ಎಂದು ಇವರು ಬಳಸುವ ಕಿತ್ತಳೆ ಬಣ್ಣದ್ದು, ಜೇಬಿನ ಚಾಕುವಿನಿಂದ ಅಳತೆಗೆ ಕೊಯ್ದು, ನೆಲಕ್ಕೆ ಮೊಣಕಾಲೂರಿ ಕೂತು, ಕಾಲು ಈಚೆ ಕೊಡು ಎಂದಳು. ಕೊಡು. ನಾನು ಕೇಳಿದೆ, ಅವನೂ ಕೇಳಿದ, ಅವಳಿಗೆ ಮಾತ್ರ ಕೇಳಿಸಿರಲಿಕ್ಕಿಲ್ಲ, ಅವಳ ಗಮನವೆಲ್ಲ ತೂತುಗಳ ಮೇಲೆ, ಒಂದೊಂದೇ ತೂತಿಗೆ ಹಗ್ಗ ಪೋಣಿಸಿ, ಎಳೆದು, ಕೊನೆಗೆ ನನಗೆ ಗೊತ್ತಿಲ್ಲದ ಒಂದು ಗಂಟು ಹಾಕಿ, ಹೆಬ್ಬೆರಳಿನಿಂದ ಒತ್ತಿ ನೋಡಿ, ಇದು ತಾನಾಗೇ ಬಿಚ್ಚಲ್ಲ, ಬಿಚ್ಚಬೇಕಾದ್ರೆ ಈ ತುದಿ ಎಳೀಬೇಕು ಎಂದು ತೋರಿಸಿದಳು, ಅವನು ಗೋಡೆ ಹಿಡಿದುಕೊಂಡು ಒಂಟಿ ಕಾಲ ಮೇಲೆ ನಿಂತು ತಲೆಯಾಡಿಸಿದ, ಕಪ್ಪು ಬೂಟು, ಅದರ ಮೇಲೆ ಕಿತ್ತಳೆ ಹಗ್ಗ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಮಗಳು ಹೇಳಿದಳು, ಶನಿವಾರ ಮೈದಾನದ ಪಕ್ಕದ ಮರ ಹತ್ತೋದಿದೆ, ನೋಡೋಕೆ ಬರಲಾ ಅಂತ ಕೇಳಿದ್ರು. ಕೇಳಿದ್ರು, ಮತ್ತೆ ಬಹುವಚನ. ನೀನೇನಂದೆ ಎಂದೆ. ಬಂದ್ರೆ ಹೆಲ್ಮೆಟ್ ಹಾಕ್ಕೊಂಡು, ಕೊಂಬೆ ಬೀಳೋ ಜಾಗದ ಗೆರೆ ಆಚೆ ನಿಂತಿರಬೇಕು ಅಂದೆ, ಎಂದಳು, ನಗಲಿಲ್ಲ, ಆಮೇಲೆ, ನೀನೂ ಬಾಮ್ಮ, ನೀನು ಒಂದು ಸಲನೂ ಬಂದಿಲ್ಲ, ಎಂದು ಸೇರಿಸಿದಳು, ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿ ಕ್ಲಾಸಿಗೆ ಹೋದಳು, ನಾನು ಇಲ್ಲಿಗೆ ಬಂದೆ. ಸಿಟ್ಟಿದೆ, ಇಲ್ಲವೆಂದಲ್ಲ, ಅಷ್ಟು ದಿನದ ದಿಗಿಲನ್ನು ಯಾರು ವಾಪಸ್ ತಗೋತಾರೆ, ಅವನಿಗೆ ಮಗಳ ಮುಖ ನೋಡಬೇಕಾದರೆ ನಮ್ಮ ಅನ್ನಕ್ಕೇ ಕೈ ಹಾಕಬೇಕಿತ್ತೇ, ಎಬ್ಬಿಸಿದ್ದು ನಾನು, ಜ್ವರಕ್ಕೆ ಹಣೆ ಮುಟ್ಟಿದ್ದು ನಾನು, ಟೀಚರುಗಳ ಮುಂದೆ ಕೈಕಟ್ಟಿ ನಿಂತದ್ದು ನಾನು, ಅವನು ಹರಿದ ಲೇಸು ಹಿಡಿದು ನಿಂತ ಒಂದೇ ಒಂದು ಗಳಿಗೆಗೆ ಅವಳು ನೆಲಕ್ಕೆ ಕೂತಳು — ಕೂತದ್ದು ನೋಡಿ ಹೊಟ್ಟೆ ಉರಿಯಿತು ಎಂದುಕೊಂಡರೆ ಅದೂ ಪೂರ್ತಿ ಸರಿಯಲ್ಲ, ಉರಿಯಿತು, ಮತ್ತೆ ತಣ್ಣಗೂ ಆಯಿತು, ಇಷ್ಟು ಒಳ್ಳೆಯವಳಾಗಲು ಇವಳು ಎಲ್ಲಿ ಕಲಿತಳು, ನನ್ನ ಮನೆಯಲ್ಲೇ ಕಲಿತಿರಬೇಕಲ್ಲ, ಬೇರೆಲ್ಲಿ. ಪಾಲಿಶ್ ಅಕ್ಕ ಯಂತ್ರ ನಿಲ್ಲಿಸಿ ಮತ್ತೆ ಇಣುಕುತ್ತಾಳೆ, ಅವನು ಏನಂದ ಕಡೆಗೆ ಎಂದು ಕೇಳುತ್ತಾಳೆ, ಏನೂ ಅನ್ನಲಿಲ್ಲ ಅಕ್ಕ, ಅವನ ಬೂಟಿನ ಲೇಸು ಹರೀತು, ಎನ್ನುತ್ತೇನೆ, ಅವಳು ಒಳ್ಳೇದಾಯ್ತು ಬಿಡು ಎನ್ನುತ್ತಾಳೆ, ನಗು ಬರುತ್ತದೆ, ಕುಂಚ ಅಲುಗುತ್ತದೆ, ಈ ಹಲ್ಲಿನ ಅಂಚಿಗೆ ಇನ್ನೊಂದು ಪದರ, ತೆಳ್ಳಗೆ, ನೀರಿನಷ್ಟು ತೆಳ್ಳಗೆ, ಶನಿವಾರ ಕೆಲಸ ಇದೆ, ಇಲ್ಲಿನ ಯಜಮಾನರನ್ನು ಕೇಳಬೇಕು, ಕೇಳುತ್ತೇನೆ, ಗೆರೆಯಾಚೆ ನಿಲ್ಲಬೇಕಾದರೆ ನಿಲ್ಲುತ್ತೇನೆ, ಅವನ ಪಕ್ಕದಲ್ಲೇ ನಿಲ್ಲಬೇಕಾಗುತ್ತದೋ ಏನೋ, ನಿಲ್ಲುವುದು, ಹೆಲ್ಮೆಟ್ ಹಾಕಿದರೆ ಯಾರ ಮುಖವೂ ಅಷ್ಟಾಗಿ ಕಾಣುವುದಿಲ್ಲ — ಈಗ ಅವನ ಪಾಳಿ ಶುರುವಾಗಿರಬೇಕು, ಮಧ್ಯಾಹ್ನದ್ದು, ಬೂಟು ಬದಲಿಸಲು ಮನೆಗೆ ಹೋಗಿರಲಾರ, ಹೊತ್ತಿರಲಿಲ್ಲ, ಹೊತ್ತಿದ್ದರೂ ಬದಲಿಸಿರಲಾರ, ಅವಳು ಕಟ್ಟಿದ್ದು ಬಲಗಾಲಿಗೆ, ಯಾವುದೋ ಬೀದಿಯಲ್ಲಿ ಬಸ್ಸು ನಿಧಾನಿಸುತ್ತಿದೆ, ಕಪ್ಪು ಬೂಟು, ಕಿತ್ತಳೆ ಹಗ್ಗ, ಬ್ರೇಕಿನ ಮೇಲೆ ಮೆಲ್ಲಗೆ ಒತ್ತುತ್ತಿರುವ ಕಪ್ಪು ಬೂಟು, ಕಿತ್ತಳೆ ಹಗ್ಗ